ಏಳನೆಯ ಯಂತ್ರ

ಚಿರಿಪಾಟ
ಜೂನ್ ೩

ನೆಲೀ, ನನ್ನ ಬಂಗಾರವೇ,

ನೀನು ಹೇಳಿದ ಹಾಗೆ ಕೈಯಲ್ಲೇ ಬರೆಯುತ್ತಿದ್ದೇನೆ. ಆರು ಕಂಪ್ಯೂಟರ್ ಇಟ್ಟುಕೊಂಡು ಊರಿಗೆಲ್ಲ ಅರ್ಜಿ ಟೈಪು ಮಾಡಿಕೊಡುವವಳು ಹೆತ್ತ ಮಗಳಿಗೆ ಪೆನ್ನು ಹಿಡಿಯಬೇಕಾಯಿತು ನೋಡು. ಬರೆದು ಚೀಸಿನ ಗಂಟಿನೊಳಗೆ ಇಟ್ಟು ಕಟ್ಟುತ್ತೇನೆ. ಫಾಕುಂದೊ ಮಾವ ಅದನ್ನು ತಾನು ಓಡಿಸುವ ಬಸ್ಸಿನ ಸೀಟಿನಡಿ ಇಟ್ಟುಕೊಂಡು ಸಮುದ್ರದ ಕಡೆ ಇಳಿದಾಗ ಆ ಮೀನು ಮಾರುವ ಹೆಂಗಸಿನ ಕೈಗೆ ಕೊಡುತ್ತಾನೆ. ನೀನಿರುವ ಮನೆ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಕ್ಷೇಮ ಎಂದು ವಕೀಲರು ಹೇಳಿದ್ದಾರೆ. ಆದರೆ ಮಲಗಿದಾಗ ನಿನ್ನನ್ನು ಯಾವ ಮನೆಯಲ್ಲಿ ಕಲ್ಪಿಸಿಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತೇನೆ.

ಊರಲ್ಲಿ ಕೇಳಿದವರಿಗೆಲ್ಲ, ಮದುವೆಯಾಗಿ ಗಡಿಯಾಚೆ ಹೋದಳು ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ನೀನು ಕೆಲಸಕ್ಕಿದ್ದ ಗಣಿಯ ಲ್ಯಾಬಿನಲ್ಲಿ ವಿಷ ಬೆರೆತ ನದಿ ನೀರಿನ ಬಾಟಲಿಗಳನ್ನು ತೆಗೆದು ಶುದ್ಧ ನೀರಿನ ಬಾಟಲಿ ಇಟ್ಟದ್ದನ್ನು ನೀನು ಕಣ್ಣಾರೆ ಕಂಡೆ, ಸೆಪ್ಟೆಂಬರಿನಲ್ಲಿ ರಾಜಧಾನಿ ಲೀಮಾದ ನ್ಯಾಯಾಲಯದಲ್ಲಿ ಅದನ್ನು ಹೇಳುತ್ತೀಯ, ಅಲ್ಲಿಯವರೆಗೆ ಅಡಗಿದ್ದೀಯ ಎಂದು ಸಂತೆಯಲ್ಲಿ ಆಲೂಗಡ್ಡೆ ಮಾರುವವರಿಗೂ ಗೊತ್ತು. ಎಲ್ಲಿ ಎಂಬುದೊಂದು ಗೊತ್ತಿಲ್ಲ. ಅದೊಂದು ಗೊತ್ತಾಗದಿದ್ದರೆ ಸಾಕು ದೇವರೇ.

ಇನ್ನು ನನ್ನ ಗೋಳು ಕೇಳು. ಹಳೆಯ ಸಿಸ್ಟಮ್‌ಗೆ ಇನ್ನು ರಕ್ಷಣೆ ಇಲ್ಲ, ಕಳ್ಳರು ನುಗ್ಗುತ್ತಾರೆ ಎಂದು ಹೆದರಿಸಿ ರಿಪೇರಿಯವನು ಆರೂ ಯಂತ್ರಕ್ಕೆ ಹೊಸದನ್ನು ಹಾಕಿ ಹೋದ. ಅಂದಿನಿಂದ ಆರಕ್ಕೂ ಹೊಟ್ಟೆ ಉಬ್ಬರ. ಒಂದು ಅರ್ಜಿ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಸಾರು ಕುದಿದು ಇಳಿಯುತ್ತದೆ. ಕೇಳದಿದ್ದರೂ ಯಾವುದೋ ದೇಶದ ಹವಾಮಾನ ಹೇಳುತ್ತದೆ, ಯಾವಳೋ ನಟಿ ಗಂಡನನ್ನು ಬಿಟ್ಟದ್ದನ್ನು ಹೇಳುತ್ತದೆ. ಜನ ಸಾಲುಗಟ್ಟಿ ನಿಂತಾಗಲೇ ಅಪ್‌ಡೇಟ್ ಆಗಬೇಕು ಎಂದು ಮುಖ ಕಪ್ಪು ಮಾಡಿಕೊಂಡು ಕೂರುತ್ತದೆ. ‘ನಿಮ್ಮ ಕಡತಗಳನ್ನು ನಾವು ಜೋಪಾನ ಮಾಡುತ್ತೇವೆ’ ಎಂದು ದಿನಾ ಒಂದು ಚೀಟಿ ತೋರಿಸುತ್ತದೆ. ಬೇಡ ಎನ್ನುವ ಗುಂಡಿ ಎಲ್ಲಿದೆ ಎಂದು ಹುಡುಕಿದರೆ, ‘ಈಗ ಬೇಡ, ಆಮೇಲೆ ಕೇಳಿ’ ಎಂದಷ್ಟೇ ಇದೆ. ದರಿದ್ರದ್ದು! ಆರಕ್ಕೂ ಬೇರೆ ಬೇರೆ ಖಾತೆ ಯಾಕೆ, ನಿಮ್ಮದೊಂದೇ ಸಾಕು ಎಂದು ರಿಪೇರಿಯವನು ಎಲ್ಲದಕ್ಕೂ ನನ್ನ ಹೆಸರು, ನನ್ನ ಒಂದೇ ಪಾಸ್‌ವರ್ಡ್ ಹಾಕಿದ್ದಾನೆ. ಈ ಕಡೆಯ ಸೈಬರ್ ಅಂಗಡಿಗಳಲ್ಲೆಲ್ಲ ಹೀಗೇ ಮಾಡುವುದು.

ನಿನ್ನ ಗ್ರಿಮಾಲ್ಡೊ ಮೇಷ್ಟ್ರು ನಿನ್ನೆ ಬಂದು ನಗಾಡಿದ.

“ಅತ್ತೆ, ಅದನ್ನ ಕಿತ್ತು ಬಿಸಾಕಿ. ಲಿನಕ್ಸ್ ಅನ್ನೋ ಬೇರೆ ಸಿಸ್ಟಮ್ ಹಾಕ್ಕೊಡ್ತೀನಿ, ನಯಾಪೈಸೆ ಬೇಡ. ಅದರ ಹೊಟ್ಟೇಲಿ ಏನಿದೆ ಅಂತ ಯಾರು ಬೇಕಾದ್ರೂ ತೆಗೆದು ನೋಡ್ಬಹುದು.”

“ನಾನು ನಿನಗೆ ಯಾವ ಸೀಮೆ ಅತ್ತೆನೋ? ನಿನ್ನ ಲಿನಕ್ಸಲ್ಲಿ ಹುಡುಗರ ಆಟ ಓಡಲ್ಲ. ಹುಡುಗರು ಬರದಿದ್ರೆ ನಾನೇನು ಮಣ್ಣು ತಿನ್ಲಾ?”

ಅವನಿಗೆ ಇನ್ನೂ ನಿನ್ನ ಮೇಲೆ ಆಸೆ ಇದೆ. ನಾನು ಗೊತ್ತಿಲ್ಲದವಳ ಹಾಗೆ ಇರುತ್ತೇನೆ.

ಒಂದು ಮಾತು ಕೇಳಲಾ? ಒಂದು ಫೋಟೋ ಕಳಿಸು. ಒಂದೇ ಒಂದು. ನೀನು ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಬರಹದಲ್ಲಿ ನೀನು ಸುಳ್ಳು ಹೇಳುತ್ತೀಯ.

ನಿನ್ನ ಅಮ್ಮ,
ತಿಯೋಫಿಲಾ

*

ಊರಿನ ಹೆಸರು ಬೇಡ
ಜೂನ್ ೨೧

ಅಮ್ಮಾ,

ಚೀಸು ಸಿಕ್ಕಿತು. ಅರ್ಧ ತಿಂದೆ, ಅರ್ಧವನ್ನು ಸುಮ್ಮನೆ ಮೂಸಿ ನೋಡುತ್ತಾ ಇಟ್ಟುಕೊಂಡಿದ್ದೇನೆ.

ಫೋಟೋ ಬೇಡ ಎಂದು ಬರೆಯಲು ಕೂತೆ. ಮೂರು ಸಲ ಬರೆದು ಹರಿದೆ. ನಿನಗೆ ಬೇಡ ಎನ್ನುವುದು ನನಗೆ ಯಾವತ್ತು ಬಂದಿದೆ ಹೇಳು. ಒಣಮೀನಿನ ಹೊಟ್ಟೆ ಸೀಳಿ ನೋಡು, ಸಣ್ಣ ಮೆಮೊರಿ ಕಾರ್ಡ್ ಇದೆ. ಮೀನಿನ ಅಕ್ಕ ತನ್ನ ಫೋನಿನಲ್ಲಿ ತೆಗೆದು ಕೊಟ್ಟದ್ದು. ಆದರೆ ನಾನು ಹೇಳಿದ ಹಾಗೇ ಮಾಡಬೇಕು, ಆಣೆ ಮಾಡು. ಮೊದಲು ಇಂಟರ್ನೆಟ್ಟಿನ ತಂತಿ ಕೀಳು. ಅಂಗಡಿ ಮುಚ್ಚಿದ ಮೇಲೆ ನೋಡು. ಒಂದೇ ಸಲ. ಎಲ್ಲೂ ಉಳಿಸಬೇಡ, ಪ್ರಿಂಟ್ ತೆಗೆಯಬೇಡ. ಆಮೇಲೆ ಕಾರ್ಡನ್ನು ಒಡೆದುಹಾಕು.

ಇಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಬಲೆ ಹೊಲಿಯುವುದನ್ನು ಕಲಿತಿದ್ದೇನೆ. ಬೀದಿಯಲ್ಲಿ ಬೂಟಿನ ಸದ್ದು ಕೇಳಿದರೆ ಮಾತ್ರ ಕೈ ತಾನಾಗಿ ನಿಂತುಬಿಡುತ್ತದೆ.

ಗ್ರಿಮಾಲ್ಡೊ ಹೇಳುವುದು ಸರಿ ಅಮ್ಮಾ. ಅವನ ಮಾತು ಉದ್ದ, ಆದರೆ ಸರಿ.

ನಿನ್ನ,
ನೆ.

*

ಚಿರಿಪಾಟ
ಜುಲೈ ೨

ಬಂಗಾರವೇ,

ನೋಡಿದೆ! ಬಾಗಿಲು ಹಾಕಿ, ತಂತಿ ಕಿತ್ತು, ನಾಲ್ಕನೇ ಯಂತ್ರದಲ್ಲಿ ಕಾರ್ಡ್ ಹಾಕಿ ನೋಡಿದೆ. ನೀಲಿ ದೋಣಿಯ ಮುಂದೆ ನಿಂತಿದ್ದೀಯ, ಗಾಳಿಗೆ ಕೂದಲೆಲ್ಲ ಮುಖದ ಮೇಲೆ. ಕೆನ್ನೆ ಇಳಿದಿದೆ, ನಾನು ಹೇಳಿರಲಿಲ್ಲವಾ? ಆ ಮೀನಿನ ಅಕ್ಕನಿಗೆ ಹೇಳು, ಹುಡುಗಿಗೆ ಒಂದು ತುತ್ತು ಹೆಚ್ಚು ಹಾಕು ಎಂದು. ಪರದೆಗೆ ಮುತ್ತು ಕೊಟ್ಟೆ, ಧೂಳು ಬಾಯಿಗೆ ಬಂತು. ಆಮೇಲೆ ಕಾರ್ಡನ್ನು ರುಬ್ಬುಗುಂಡಿನಡಿ ಇಟ್ಟು ಪುಡಿ ಮಾಡಿ ಒಲೆಗೆ ಹಾಕಿದೆ. ಎಲ್ಲ ಮುಗಿದ ಮೇಲೆಯೇ ತಂತಿ ಸಿಕ್ಕಿಸಿದ್ದು. ನಿನ್ನ ಅಮ್ಮ ಅಷ್ಟೇನೂ ದಡ್ಡಿಯಲ್ಲ.

ಗಣಿಯ ಕಾವಲು ಪಡೆಯ ಮುಖ್ಯಸ್ಥ ಬರಾಂತೆಸ್ ಈಗ ದಿನಾ ಬರುತ್ತಾನೆ. ಕ್ಯಾಂಪಿನಲ್ಲಿ ಪ್ರಿಂಟರ್ ಕೆಟ್ಟಿದೆಯಂತೆ. ಬಾಗಿಲ ಪಕ್ಕದ ನಾಲ್ಕನೇ ಯಂತ್ರವೇ ಬೇಕು ಅವನಿಗೆ. ಫೋನನ್ನು ಅದಕ್ಕೆ ಸಿಕ್ಕಿಸಿ ಚಾರ್ಜಿಗೆ ಇಟ್ಟು ಕೂರುತ್ತಾನೆ. ಬೈದರೂ ತಡೆದುಕೊಳ್ಳಬಹುದು, ಆದರೆ ಅವನು ಬೈಯುವುದಿಲ್ಲ. “ಮಗಳು ಆರಾಮಾ ಅಮ್ಮಾ?” ಎಂದು ಕೇಳಿ, ಕಷಾಯದ ಲೋಟ ಹಿಡಿದು ನಗುತ್ತಾನೆ. ಅವನು ಹೋದ ಮೇಲೆ ಸ್ವಲ್ಪ ಹೊತ್ತು ನನಗೆ ಯಾವ ಕೆಲಸವೂ ಆಗುವುದಿಲ್ಲ.

ಹುರಿದ ಜೋಳ ಕಳಿಸಿದ್ದೇನೆ. ಮೂಸುತ್ತಾ ಕೂರಬೇಡ, ತಿನ್ನು.

ನಿನ್ನನ್ನು ನೋಡಿ ತಂಪಾದ,
ಅಮ್ಮ

*

ಜುಲೈ ೨೭

ಅಮ್ಮಾ,

ಫಾಕುಂದೊ ಮಾವನ ಬಸ್ಸು ಎರಡು ಸಲ ಬಂದು ಹೋಯಿತಂತೆ, ನಿನ್ನ ಗಂಟು ಇಲ್ಲ. ‘ನಿಮ್ಮಮ್ಮ ಚೆನ್ನಾಗಿದ್ದಾಳೆ, ಏನೂ ಕೊಡಲಿಲ್ಲ ಅಷ್ಟೇ’ ಎಂದು ಹೇಳಿಕಳಿಸಿದ್ದಾರೆ. ನೀನು ಏನೂ ಕೊಡದೆ ಬಸ್ಸು ಬಿಡುವವಳಾ?

ಏನಾಯಿತು ಹೇಳು. ಏನೇ ಆಗಿದ್ದರೂ ಹೇಳು. ಹೇಳದಿದ್ದರೆ ನನ್ನ ತಲೆ ಅದಕ್ಕಿಂತ ಕೆಟ್ಟದ್ದನ್ನು ಕಟ್ಟುತ್ತದೆ.

ನೆ.

*

ಚಿರಿಪಾಟ
ಆಗಸ್ಟ್ ೧

ನೆಲೀ,

ಹೇಗೆ ಬರೆಯಲಿ. ಬರೆದರೆ ನಿಜವಾಗಿಬಿಡುತ್ತದೆ ಎಂದು ಇಷ್ಟು ದಿನ ಪೆನ್ನು ಮುಟ್ಟಲಿಲ್ಲ.

ಸಂತೆಯ ದಿನ. ಅಂಗಡಿ ತುಂಬಿತ್ತು. ಬರಾಂತೆಸ್ ನಾಲ್ಕನೆಯದರಿಂದ ಎದ್ದು ಬಾಗಿಲಾಚೆ ಕಷಾಯದ ಗಾಡಿಯ ಹತ್ತಿರ ಹೋಗಿ ನಿಂತ. ಯಾರೂ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಈ ಹೊಸ ಸಿಸ್ಟಮ್ ತಾನಾಗಿ ಚಿತ್ರಗಳನ್ನು ತೋರಿಸಲು ಶುರುಮಾಡುತ್ತದೆ, ಹೂವು, ಬೆಟ್ಟ, ಯಾರದೋ ನಾಯಿ. ಆವತ್ತು ನಾಲ್ಕನೇ ಪರದೆಯಲ್ಲಿ ಹೂವು ಬಂತು, ಬೆಟ್ಟ ಬಂತು, ಆಮೇಲೆ ನೀನು ಬಂದೆ. ಪರದೆಯ ತುಂಬಾ ನೀನು, ಹಿಂದೆ ನೀಲಿ ದೋಣಿ. ಮೇಲೆ ಅಕ್ಷರಗಳು: ‘ನಿಮಗಾಗಿ ಒಂದು ಸವಿನೆನಪು.’

ಆಟ ಆಡುತ್ತಿದ್ದ ಹುಡುಗರಲ್ಲೊಬ್ಬ, “ಏ, ನೆಲಿ ಅಕ್ಕ ಕಣ್ರೋ!” ಎಂದು ಕೂಗಿದ. ಸುಮ್ಮನಿದ್ದ ಎರಡನೆಯದರಲ್ಲೂ ನೀನು ಬಂದೆ. ಐದನೆಯದರಲ್ಲೂ. ನಾನು ಓಡಿಹೋಗಿ ಮೇನ್ ಸ್ವಿಚ್ಚು ಎಳೆದೆ. ಅಂಗಡಿಯೆಲ್ಲ ಕತ್ತಲು. ಹುಡುಗರು, “ಅಜ್ಜೀ, ಗೆಲ್ತಾ ಇದ್ದೆ ಅಜ್ಜೀ!” ಎಂದು ಬೊಬ್ಬೆ ಹೊಡೆದರು. ತಿರುಗಿ ನೋಡಿದರೆ ಬರಾಂತೆಸ್ ಲೋಟ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದ.

“ಯಂತ್ರಗಳು ಹಳೇದಾದ್ವು ಅಮ್ಮಾ,” ಎಂದ. “ಭಾರ ಹೊರೋಕಾಗ್ತಿಲ್ಲ ಪಾಪ.” ಫೋನಿನ ವಯರು ಕಿತ್ತುಕೊಂಡು, ದುಡ್ಡು ಕೊಟ್ಟು, ಹೋದ.

ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ, ನೆಲೀ. ಅವನ ಮುಖದಲ್ಲಿ ಏನೂ ಇರಲಿಲ್ಲ. ನಾನು ತಂತಿ ಕಿತ್ತಿದ್ದೆ ಕಣೇ! ಒಂದು ಸಲವೇ ನೋಡಿದ್ದು! ಕಾರ್ಡು ಹಾಕಿದ ಕೂಡಲೇ ನನ್ನನ್ನು ಕೇಳದೆ ಅದು ಚಿತ್ರವನ್ನು ನುಂಗಿ ಇಟ್ಟುಕೊಂಡಿದೆ. ತಂತಿ ಸಿಕ್ಕಿಸಿದ ಮೇಲೆ ತನ್ನ ಕಂಪನಿಯ ಗೋದಾಮಿಗೆ ಕಳಿಸಿ, ಅಲ್ಲಿಂದ ಆರೂ ಯಂತ್ರಕ್ಕೆ ಹಂಚಿದೆ. ಎಲ್ಲವೂ ನನ್ನದೇ ಖಾತೆ ತಾನೇ. ಜೋಪಾನ ಮಾಡುತ್ತೇವೆ ಎಂದಿದ್ದರಲ್ಲ, ಮಾಡಿದರು.

ಆ ಜಾಗ ಬಿಡು. ಈ ಪತ್ರ ಓದಿದ ಕೂಡಲೇ ಬಿಡು. ಫೋಟೋ ಕೇಳಿದ ಈ ಬಾಯಿಗೆ ಹುಳ ಬೀಳಲಿ.

ಅಮ್ಮ

*

ಆಗಸ್ಟ್ ೯

ಅಮ್ಮಾ,

ಓದಿ ಸಿಟ್ಟು ಬಂತು. ನಿನ್ನ ಮೇಲೆ, ಆಮೇಲೆ ನನ್ನ ಮೇಲೆ. ಕಳಿಸಿದವಳು ನಾನೇ ತಾನೇ. ಬಾಯಿಗೆ ಹುಳ ಬೀಳಲಿ ಅಂತೆಲ್ಲ ಬರೆಯಬೇಡ, ಹೊಟ್ಟೆ ಉರಿಯುತ್ತದೆ.

ಫೋಟೋದಲ್ಲಿ ದೋಣಿಯ ಹೆಸರು ಕಂಡರೂ ಭಯವಿಲ್ಲ ಎಂದುಕೊಂಡಿದ್ದೆ. ಅದು ಒಬ್ಬ ಸಂತಳ ಹೆಸರು, ಆ ಹೆಸರಿನ ದೋಣಿಗಳು ಪ್ರತಿ ಬಂದರಿನಲ್ಲೂ ಹತ್ತಾರು ಇವೆ. ನಿನ್ನ ಪತ್ರ ಬಂದ ಮೇಲೆ ಹೋಗಿ ನೋಡಿದೆ. ಹೆಸರಿನ ಕೆಳಗೆ ಒಂದು ನಂಬರಿದೆ, ಅದರ ಮುಂದೆ ಎರಡು ಅಕ್ಷರ. ಬೆಟ್ಟದವರಾದ ನಮಗೆ ಅದು ಬರೀ ಅಕ್ಷರ. ಸಮುದ್ರದವರಿಗೆ ಅದು ದೋಣಿ ಯಾವ ಬಂದರಿನದು ಎನ್ನುವ ಗುರುತು. ಫೋಟೋದಲ್ಲಿ ಅದು ಕಂಡಿತ್ತಾ? ನೆನಪು ಮಾಡಿಕೊಂಡು ಹೇಳು. ಬರಾಂತೆಸ್‌ಗೆ ಸಮುದ್ರದ ಪರಿಚಯ ಉಂಟಾ?

ಬಿಟ್ಟು ಹೋಗುವುದಾದರೂ ಎಲ್ಲಿಗೆ? ವಕೀಲರು ಇಲ್ಲೇ ಇರು, ವಿಚಾರಣೆ ಸೆಪ್ಟೆಂಬರ್ ಹದಿನೆಂಟಕ್ಕೆ ಎಂದಿದ್ದಾರೆ. ಗ್ರಿಮಾಲ್ಡೊನನ್ನು ಕರೆಸು. ಅವನಿಗೆ ಎಲ್ಲವನ್ನೂ ಹೇಳು.

ನೆ.

*

ಚಿರಿಪಾಟ
ಆಗಸ್ಟ್ ೧೯

ಮಗಳೇ,

ಕಂಡಿತ್ತು. ಎರಡು ಅಕ್ಷರವೂ ಕಂಡಿತ್ತು. ಬರಾಂತೆಸ್ ಈ ಗಣಿಗೆ ಬರುವ ಮುಂಚೆ ನೌಕಾಪಡೆಯಲ್ಲಿದ್ದನಂತೆ. ಅವನ ತೋಳಿನ ಮೇಲೆ ಲಂಗರಿನ ಹಚ್ಚೆ ಇದೆ. ಇಷ್ಟು ದಿನ ಅದನ್ನು ನೋಡಿದ್ದರೂ ನೋಡಿರಲಿಲ್ಲ.

ಗ್ರಿಮಾಲ್ಡೊ ಬಂದ. ಹೇಳುತ್ತಾ ಹೋದ ಹಾಗೆ ಅವನ ನಗು ಇಳಿಯಿತು. ಒಂದನೇ ಯಂತ್ರದ ಮುಂದೆ ಕೂತು ಒಳಗೆಲ್ಲ ಕೆದಕಿದ. ನಾನು ಏನೂ ತೆರೆಯದೆ ಸುಮ್ಮನಿಟ್ಟಾಗಲೂ ಅದು ಎಲ್ಲೆಲ್ಲಿಗೋ ಮಾತಾಡುತ್ತಿರುತ್ತದೆ ಎಂದು ತೋರಿಸಿದ. ನಾನು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತೆ, ಏನು ಹುಡುಕಿದೆ, ಎಲ್ಲವನ್ನೂ ವರದಿ ಒಪ್ಪಿಸುತ್ತದಂತೆ.

“ಇದನ್ನ ನಿಲ್ಸೋ ಹಾಗಿಲ್ವಾ?” ಎಂದೆ.

“ನಿಲ್ಸಬಹುದು ಅತ್ತೆ. ಮುಂದಿನ ಅಪ್‌ಡೇಟಲ್ಲಿ ಅದೇ ಮತ್ತೆ ಆನ್ ಮಾಡ್ಕೊಳ್ಳುತ್ತೆ. ಮನೆ ನಿಮ್ಮದು, ಬೀಗದ ಕೈ ಅವರದು.”

ಆಮೇಲೆ ನನ್ನ ಖಾತೆ ತೆರೆದು, ಅದರಲ್ಲಿ ಯಾವ ಯಾವ ಯಂತ್ರ ಸೇರಿವೆ ಎಂದು ನೋಡಿದ. ಪರದೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಎಣಿಸಿದ.

“ಅತ್ತೆ, ನಿಮ್ಮ ಹತ್ರ ಇರೋದು ಆರು ತಾನೇ?”

“ಆರೇ. ಯಾಕೋ?”

“ಇಲ್ಲಿ ಏಳು ಇದೆ.”

ಏಳನೆಯದು ಒಂದು ಫೋನು, ನೆಲೀ. ನನ್ನ ಹತ್ತಿರ ಅಂಥ ಫೋನಿಲ್ಲ. ನಾಲ್ಕನೇ ಯಂತ್ರಕ್ಕೆ ಚಾರ್ಜಿಗೆಂದು ಸಿಕ್ಕಿಸುತ್ತಿದ್ದನಲ್ಲ, ಅದು. ‘ಈ ಫೋನನ್ನು ಜೋಡಿಸಲೇ?’ ಎಂದು ಯಂತ್ರವೇ ಕೇಳಿದೆ, ಅವನು ಹೂಂ ಎಂದಿದ್ದಾನೆ. ಖಾತೆ ಯಾವಾಗಲೂ ತೆರೆದೇ ಇರುತ್ತದೆ, ಪಾಸ್‌ವರ್ಡ್ ಕೇಳುವವರು ಯಾರು? ಹೊಸ್ತಿಲ ಮೇಲೆ ನಿಂತು ಪರದೆ ನೋಡಿದನೋ ಇಲ್ಲವೋ ಎಂದು ನಾನು ಸಾಯುತ್ತಿದ್ದೆ. ಅವನಿಗೆ ನೋಡುವ ಅಗತ್ಯವೇ ಇರಲಿಲ್ಲ. ಫೋಟೋ ಆಗಲೇ ಅವನ ಜೇಬಿನಲ್ಲಿತ್ತು.

 ಗ್ರಿಮಾಲ್ಡೊನ ತೋಳು ಹಿಡಿದೆ. ಈಗಲೇ ಆ ಫೋನನ್ನು ಖಾತೆಯಿಂದ ಕಿತ್ತು ಬಿಸಾಕು ಎಂದೆ.

“ಕಿತ್ತರೆ ನಮಗೆ ಗೊತ್ತಾಯ್ತು ಅಂತ ಅವನಿಗೆ ಗೊತ್ತಾಗುತ್ತೆ,” ಎಂದ. “ಸ್ವಲ್ಪ ತಡೀರಿ. ಯೋಚನೆ ಮಾಡೋಣ.”

ಯೋಚನೆ ಮಾಡುತ್ತಿದ್ದೇನೆ. ನಿದ್ದೆ ಮಾಡುವುದನ್ನು ಬಿಟ್ಟು ಬೇರೆಲ್ಲ ಮಾಡುತ್ತಿದ್ದೇನೆ.

ಅಮ್ಮ

*

ಆಗಸ್ಟ್ ೨೮

ಅಮ್ಮಾ,

ಬಂದಿದ್ದಾರೆ. ಇಬ್ಬರು. ಮಂಜುಗಡ್ಡೆ ಕಾರ್ಖಾನೆಯ ಹತ್ತಿರ ನಿಂತು ದೋಣಿಯಿಂದ ಇಳಿದವರಿಗೆಲ್ಲ ಫೋನಿನಲ್ಲಿ ನನ್ನ ಫೋಟೋ ತೋರಿಸುತ್ತಿದ್ದಾರಂತೆ. ‘ನಮ್ಮ ತಂಗಿ, ತಲೆ ಸರಿಯಿಲ್ಲ, ಮನೆಬಿಟ್ಟು ಬಂದಿದ್ದಾಳೆ’ ಎನ್ನುತ್ತಾರಂತೆ. ಅಳುವ ಹಾಗೆ ಮುಖ ಮಾಡುತ್ತಾರಂತೆ.

ಮೀನಿನ ಅಕ್ಕ ನನ್ನನ್ನು ಬಲೆ ಇಡುವ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಿದ್ದಾಳೆ. ಹಲಗೆಯ ಸಂದಿಯಿಂದ ಬೀದಿ ಕಾಣುತ್ತದೆ. ನಿನ್ನೆ ಅವರಲ್ಲೊಬ್ಬ ಸರಿಯಾಗಿ ಕೆಳಗೇ ನಿಂತು ಕಿತ್ತಳೆ ಸುಲಿದು ತಿಂದ. ಸಿಪ್ಪೆಯ ವಾಸನೆ ಮೇಲಿನವರೆಗೆ ಬಂತು. ಉಸಿರು ಬಿಟ್ಟರೆ ಕೇಳಿಸುತ್ತದೇನೋ ಎಂದು ಬಾಯಿಗೆ ಬಲೆ ತುರುಕಿಕೊಂಡೆ.

ಲೀಮಾಕ್ಕೆ ಹೋಗುವ ಬಸ್ಸು ನಿಲ್ಲುವುದು ಒಂದೇ ಕಡೆ. ಅಲ್ಲೂ ಅವರೇ. ಇವರು ಇಲ್ಲಿಂದ ಹೋಗದಿದ್ದರೆ ಹದಿನೆಂಟಕ್ಕೆ ನಾನು ಅಲ್ಲಿರುವುದಿಲ್ಲ. ಬೇರೆಲ್ಲಿರುತ್ತೇನೋ ಗೊತ್ತಿಲ್ಲ.

ಹೆದರಿಕೆಯಾಗುತ್ತಿದೆ ಅಮ್ಮಾ. ನಿನ್ನ ಮಗ್ಗುಲಲ್ಲಿ ಮಲಗಬೇಕು ಅನಿಸುತ್ತಿದೆ.

ನೆಲಿ

*

ಚಿರಿಪಾಟ
ಸೆಪ್ಟೆಂಬರ್ ೬

ನನ್ನ ಕಂದಾ,

ಅಟ್ಟ ಬಿಟ್ಟು ಇಳಿಯಬೇಡ. ಈಗ ಹೇಳುವುದನ್ನು ಗಮನವಿಟ್ಟು ಓದು, ಓದಿ ಸುಟ್ಟುಹಾಕು.

ಕಳೆದ ಭಾನುವಾರ ಗ್ರಿಮಾಲ್ಡೊ ಶಾಲೆಯಲ್ಲಿ ಇನ್‌ಸ್ಟಾಲ್ ಹಬ್ಬ ಮಾಡಿದ, ಊರವರ ಕಂಪ್ಯೂಟರಿಗೆಲ್ಲ ಪುಕ್ಕಟೆ ಲಿನಕ್ಸ್ ಹಾಕಿಕೊಡುವ ಹಬ್ಬ. ಪ್ರತಿ ಏಪ್ರಿಲ್‌ನಲ್ಲಿ ಮಾಡುವುದನ್ನು ಈ ವರ್ಷ ಎರಡನೇ ಸಲ ಮಾಡಿದ. ನಾನೊಬ್ಬಳೇ ಸಿಸ್ಟಮ್ ಬದಲಾಯಿಸಿದರೆ ಎದ್ದು ಕಾಣುತ್ತದೆ, ಊರೆಲ್ಲ ಬದಲಾಯಿಸಿದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದ. ನೀನು ನೋಡಬೇಕಿತ್ತು ನೆಲೀ. ಹೆಂಗಸರು ಮಗುವನ್ನು ಕಟ್ಟಿಕೊಳ್ಳುವ ಕಂಬಳಿಯಲ್ಲಿ ಕಂಪ್ಯೂಟರ್ ಕಟ್ಟಿಕೊಂಡು ಬೆನ್ನ ಮೇಲೆ ಹೊತ್ತು ಬಂದರು. ಪಂಚಾಯ್ತಿಯವರು ಬಂದರು, ದಾದಿ ಬಂದಳು. ಗ್ರಿಮಾಲ್ಡೊನ ವಿದ್ಯಾರ್ಥಿಗಳು ಪೆನ್‌ಡ್ರೈವ್ ಹಿಡಿದು ಒಂದೊಂದಾಗಿ ಹಳೆಯದನ್ನು ಒರೆಸಿ ಲಿನಕ್ಸ್ ಹಾಕಿದರು. ಸಾರು ಕುದಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ನನ್ನ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು. ಹವಾಮಾನವಿಲ್ಲ, ನಟಿಯಿಲ್ಲ. ಏನು ಬೇಕು ಎಂದು ಸುಮ್ಮನೆ ಕಾಯುತ್ತದೆ. ಇಷ್ಟು ದಿನ ಆ ಪೀಡೆಯನ್ನು ದುಡ್ಡು ಕೊಟ್ಟು ಸಾಕಿದೆನಲ್ಲ ಎಂದು ನನಗೆ ಅಳು ಬಂತು.

ನಾನು ತೆಗೆದುಕೊಂಡು ಹೋದದ್ದು ಐದು. ನಾಲ್ಕನೆಯದನ್ನು ಅಂಗಡಿಯಲ್ಲೇ ಬಿಟ್ಟಿದ್ದೆ.

ಸಂಜೆಯ ಹೊತ್ತಿಗೆ ಬರಾಂತೆಸ್ ಬಂದ. ಕಡಲೆಕಾಯಿ ತಿನ್ನುತ್ತಾ ಮೇಜಿನ ಸುತ್ತ ನಡೆದ.

“ಐದೇ ತಂದಿದ್ದೀರಲ್ಲ ಅಮ್ಮಾ. ಇನ್ನೊಂದು?”

“ಅದು ನಿಮಗೆ ಅಂತ ಹಂಗೇ ಇಟ್ಟಿದೀನಿ ಸಾಹೇಬ್ರೇ,” ಎಂದೆ. “ನಿಮ್ಮ ಆಫೀಸಿನ ಕಾಗದ ಈ ಹೊಸದರಲ್ಲಿ ಅಡ್ಡಾದಿಡ್ಡಿ ಬಂದ್ರೆ ನನ್ನ ಬೈತೀರ.”

“ನಿಮ್ಮನ್ನ ಬೈಯೋದಾ? ಎಲ್ಲಾದ್ರೂ ಉಂಟಾ!” ಎಂದು ನಕ್ಕ.

ಇದು ಗ್ರಿಮಾಲ್ಡೊನ ಯೋಚನೆಯಲ್ಲ, ನನ್ನದು. ಅವನು ಬೇಡ ಬೇಡ ಎಂದು ಕೈಮುಗಿದ. ಮರುದಿನ ನಾಲ್ಕನೇ ಯಂತ್ರದಲ್ಲಿ ಕೂತು ನಿನಗೊಂದು ಪತ್ರ ಟೈಪು ಮಾಡಿದೆ: ‘ಮಗಳೇ, ಆ ಬಂದರನ್ನು ಬಿಟ್ಟು ಕಾಡಿನ ಕಡೆ ಹೋದದ್ದು ಒಳ್ಳೆಯದಾಯಿತು. ಪುಯೆರ್ತೊ ಕಾಯ್ಮಿತೊದಲ್ಲಿ ನಿನ್ನನ್ನು ಯಾರೂ ಹುಡುಕುವುದಿಲ್ಲ. ವಿಚಾರಣೆಗೆ ಮುಂಚೆ ನಾನೇ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ನದಿ ಪಕ್ಕದ ಹೋಟೆಲಿನಲ್ಲಿ ಕಾಯುತ್ತೇನೆ.’ ಪ್ರಿಂಟ್ ತೆಗೆಯಲಿಲ್ಲ. ಉಳಿಸಿ ಎದ್ದೆ, ಅಷ್ಟೇ. ಜೋಪಾನ ಮಾಡುವವರು ಅದನ್ನೂ ಗೋದಾಮಿಗೆ ಕಳಿಸಿ ಏಳನೆಯ ಯಂತ್ರಕ್ಕೆ ಹಂಚಿರುತ್ತಾರೆ. ನನ್ನ ಜನ್ಮದಲ್ಲಿ ಮೊದಲ ಸಲ ಆ ಸಿಸ್ಟಮ್ ನನಗೆ ಬೇಕಾದ ಕೆಲಸ ಮಾಡಿತು.

ಇಂದು ಬರಾಂತೆಸ್ ಬರಲಿಲ್ಲ. ನಾಳೆ ನಾನು ಬಸ್ ನಿಲ್ದಾಣದಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆ ಕಾಡಿನ ಕಡೆಯ ಟಿಕೆಟ್ ಕೇಳುತ್ತೇನೆ. ಆ ಕಿತ್ತಳೆ ತಿನ್ನುವವರು ನಿನ್ನ ಬೀದಿಯಿಂದ ಕಾಣೆಯಾದರೆ ಮೀನಿನ ಅಕ್ಕ ಏಣಿ ಇಡಲಿ. ಫಾಕುಂದೊ ಮಾವ ಹದಿನಾರಕ್ಕೆ ಬಸ್ಸನ್ನು ಬೇರೆಯವನ ಕೈಗೆ ಕೊಟ್ಟು ತನ್ನ ಅಳಿಯನ ಮೀನಿನ ಲಾರಿಯಲ್ಲಿ ಬಂದು ನಿನ್ನನ್ನು ಲೀಮಾಕ್ಕೆ ಮುಟ್ಟಿಸುತ್ತಾನೆ.

ಬೇಡಮ್ಮಾ ಎಂದು ಬರೆಯಬೇಡ. ಬರೆದರೂ ಅದು ತಲುಪುವಾಗ ನಾನು ಇಲ್ಲಿರುವುದಿಲ್ಲ. ಗ್ರಿಮಾಲ್ಡೊ ಅಂಗಡಿ ನೋಡಿಕೊಳ್ಳುತ್ತಾನೆ. ನಾನೂ ಬರುತ್ತೇನೆ ಎಂದು ಹಟ ಹಿಡಿದ. “ನೀನು ಸತ್ರೆ ನನ್ನ ಮಗಳಿಗೆ ಗಂಡು ಎಲ್ಲಿ ಹುಡುಕ್ಲೋ?” ಎಂದೆ. ಅವನ ಮುಖ ಕೆಂಪಾಗಿ ಹೋಯಿತು, ಆಮೇಲೆ ಆ ದೊಡ್ಡ ಗಂಡಸು ಕಣ್ಣು ಒರೆಸಿಕೊಂಡ.

ನಿನ್ನನ್ನು ಹೆತ್ತ,
ಅಮ್ಮ

*

ಪುಯೆರ್ತೊ ಕಾಯ್ಮಿತೊ
ಸೆಪ್ಟೆಂಬರ್ ೧೮

ನೆಲೀ,

ಈ ಕಾಗದವನ್ನು ವಕೀಲರ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಇಲ್ಲಿನ ಹೋಟೆಲಿನ ಅಡುಗೆಯವಳು ಅಂಚೆಗೆ ಹಾಕುತ್ತೇನೆ ಎಂದಿದ್ದಾಳೆ. ಯಾಕೆ ಏನು ಎಂದು ಕೇಳಲಿಲ್ಲ ಪುಣ್ಯಾತ್ಗಿತ್ತಿ.

ದಾರಿಯುದ್ದಕ್ಕೂ ಬಸ್ಸಿನ ಹಿಂದೆ ಒಂದು ಬಿಳಿ ಜೀಪು ಬಂತು. ಅದನ್ನು ಕಂಡಾಗ ಹೆದರಿಕೆಯ ಜೊತೆಗೆ ಸಮಾಧಾನವೂ ಆಯಿತು, ನಿನ್ನ ಹಿಂದೆ ಇಲ್ಲವಲ್ಲ ಎಂದು. ಬಂದಾಗಿನಿಂದ ದಿನಾ ಬೆಳಗ್ಗೆ ಈ ನದಿ ಪಕ್ಕದ ಹೋಟೆಲಿನಲ್ಲಿ ಬಾಗಿಲಿಗೆ ಮುಖ ಮಾಡಿ ಕೂರುತ್ತೇನೆ, ಯಾರನ್ನೋ ಕಾಯುವವಳ ಹಾಗೆ. ಆ ಜೀಪು ಎದುರಿನ ಮಾವಿನ ಮರದಡಿ ನಿಲ್ಲುತ್ತದೆ. ಮೊದಲು ಒಳಗೆ ಇಬ್ಬರಿದ್ದರು. ಅವರಲ್ಲೊಬ್ಬ ಕಿತ್ತಳೆ ಸುಲಿಯುವುದನ್ನು ಕಂಡಾಗ ನನಗೆ ಎದ್ದು ಕುಣಿಯಬೇಕು ಅನಿಸಿತು. ಮೊನ್ನೆ ಬರಾಂತೆಸ್ ತಾನೇ ಬಂದ.

ಇವತ್ತು ಮಧ್ಯಾಹ್ನ ಅವನಿಗೆ ಕಾದು ಸಾಕಾಯಿತು. ಒಳಗೆ ಬಂದು ನನ್ನ ಎದುರಿನ ಕುರ್ಚಿ ಎಳೆದು ಕೂತ. ಎಲೆಯಲ್ಲಿ ಕಟ್ಟಿ ಬೇಯಿಸಿ ಕೊಡುವ ಇಲ್ಲಿನ ಅನ್ನವನ್ನು ತನಗೂ ಒಂದು ತರಲು ಹೇಳಿದ.

“ಅಮ್ಮಾ, ಸುತ್ತಿ ಬಳಸಿ ಮಾತು ಬೇಡ,” ಎಂದ. ದನಿ ಎತ್ತಲೇ ಇಲ್ಲ. “ಮಗಳು ಎಲ್ಲಿ? ನಾವು ಅವಳ ಜೊತೆ ಮಾತಾಡ್ಬೇಕು ಅಷ್ಟೇ.”

ಗೋಡೆಯ ಗಡಿಯಾರ ನೋಡಿದೆ. ನೀನು ಅಟ್ಟದಿಂದ ಇಳಿದೆಯೋ ಇಲ್ಲವೋ, ಲಾರಿ ಬಂತೋ ಇಲ್ಲವೋ, ದಾರಿಯಲ್ಲಿ ಏನಾಯಿತೋ, ನನಗೆ ಒಂದೂ ಗೊತ್ತಿರಲಿಲ್ಲ. ಗೊತ್ತಿರುವವಳ ಹಾಗೆ ಹೇಳಿದೆ.

“ಈ ಹೊತ್ತಿಗೆ ಅವಳು ನ್ಯಾಯಾಧೀಶರ ಜೊತೆ ಮಾತಾಡ್ತಾ ಇದ್ದಾಳೆ ಸಾಹೇಬ್ರೇ. ಲೀಮಾದಲ್ಲಿ.”

ಅವನು ನಕ್ಕ. ಸುಳ್ಳು ಎಂದುಕೊಂಡ. ಒಂದು ತುತ್ತು ಬಾಯಿಗಿಟ್ಟ. ಆಮೇಲೆ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ. ಎದ್ದು ಹೊರಗೆ ಹೋಗಿ ಜೀಪಿಗೆ ಒರಗಿ ಫೋನು ಮಾಡಿದ.

ನಾನು ಬಾಗಿಲಿನಿಂದ ಅವನ ಮುಖವನ್ನೇ ನೋಡುತ್ತಾ ಕೂತೆ. ಯಾವ ದೇವರ ಮುಖವನ್ನೂ ನಾನು ಅಷ್ಟು ಆಸೆಯಿಂದ ನೋಡಿದವಳಲ್ಲ. ಅವನು ಏನೋ ಕೇಳಿದ, ಆ ಕಡೆಯಿಂದ ಏನೋ ಹೇಳಿದರು. ಅವನು ಇನ್ನೊಮ್ಮೆ ಕೇಳಿದ. ಆಮೇಲೆ ಫೋನು ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು. ಟೋಪಿ ತೆಗೆದು ಜೀಪಿನ ಬಾನೆಟ್ಟಿಗೆ ಬಡಿದ. ನೀನು ಮುಟ್ಟಿದ್ದೀಯ ಎಂದು ನನಗೆ ತಿಳಿದದ್ದು ಹಾಗೆ. ಮಾತಾಡಿದೆ, ಎಲ್ಲವನ್ನೂ ಹೇಳಿದೆ, ಅಲ್ಲವಾ? ಹೇಳಿರುತ್ತೀಯ. ನನ್ನ ಮಗಳು ನೀನು.

ಆಮೇಲೆ ಅಡುಗೆಯವಳ ಹತ್ತಿರ ಹಾಳೆ, ಪೆನ್ನು ಕೇಳಿ ತೆಗೆದುಕೊಂಡು ಇದನ್ನು ಬರೆಯಲು ಕೂತೆ.

ಅವನು ಹೋಗಿಲ್ಲ. ಜೀಪಿನ ಬಾಗಿಲು ತೆಗೆದಿಟ್ಟು ಹೋಟೆಲಿನ ಕಡೆಗೇ ನೋಡುತ್ತಾ ಕೂತಿದ್ದಾನೆ. ಉಳಿದಿಬ್ಬರು ಹಿಂಬಾಗಿಲ ಕಡೆ ಹೋದರು. ಚಿರಿಪಾಟದ ಬಸ್ಸು ಇರುವುದು ನಾಳೆ ಬೆಳಗ್ಗೆ. ಅಡುಗೆಯವಳು ಹತ್ತಿರ ಬಂದು, “ಅಕ್ಕಾ, ಅವರು ನಿಮ್ಮ ಕಡೆಯವ್ರಾ?” ಎಂದು ಕೇಳಿದಳು. ಅಲ್ಲ ಎಂದೆ. “ಹಂಗಾದ್ರೆ ಏಳ್ಬೇಡಿ,” ಎಂದು ತನ್ನ ಅಣ್ಣನನ್ನೂ ನದಿಯ ದೋಣಿಯವರನ್ನೂ ಕರೆಯಲು ಮಗಳನ್ನು ಓಡಿಸಿದಳು. ಅವರು ಇನ್ನೂ ಬಂದಿಲ್ಲ.

ಇಷ್ಟು ದಿನ ಹೆದರಿಕೆ ನಿನ್ನ ಬಗ್ಗೆ ಇತ್ತು ಕಂದಾ, ಅದನ್ನು ಹೊರುವುದು ನನ್ನಿಂದ ಆಗುತ್ತಿರಲಿಲ್ಲ. ಈಗ ಅದು ನನ್ನೊಬ್ಬಳದು. ಇದನ್ನು ಹೊರಬಲ್ಲೆ.

ಅನ್ನ ಇನ್ನೂ ಅರ್ಧ ಇದೆ. ನಿಧಾನವಾಗಿ ತಿನ್ನುತ್ತಿದ್ದೇನೆ.

ಅಮ್ಮ